ಪೇಟೆಂಟ್ ಪಡೆದವರಿಗೆ, ಬೋರಿನ ಕಟ್ಟೆಯಿಂದ ಒಂದು ಬಹಿರಂಗ ಪತ್ರ

ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಬೆಳಕು, ಮದ್ದು, ಅಳತೆಯ ಉಪಕರಣಗಳ ಬಗ್ಗೆ ಸಂಶೋಧನೆ ಮಾಡಿ ಪೇಟೆಂಟ್ ಪಡೆದಿರುವ, ಪಡೆಯಲಿರುವ ಎಲ್ಲ ಪ್ರಾಧ್ಯಾಪಕರಿಗೆ ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲೂಕಿನ ಒಬ್ಬ ನಿವೃತ್ತ ವಿಜ್ಞಾನ ಮಾಸ್ತರನ ನಮಸ್ಕಾರಗಳು.

ಹತ್ತನೇ ತರಗತಿಯವರ ಬೀಳ್ಕೊಡುಗೆಯ ದಿನ ನಮ್ಮ ಶಾಲೆಯಲ್ಲಿ ಗ್ರೂಪ್ ಫೋಟೊ ತೆಗೆಸುವುದು ರೂಢಿ. ಫೋಟೊ ತೆಗೆಯುವವನು ಕ್ಯಾಮೆರಾದ ಹಿಂದಿನಿಂದ ‘ಸ್ವಲ್ಪ ನಗ್ರೆವ್ವಾ’ ಅಂದ ಕೂಡಲೇ ಸಾಲಿನಲ್ಲಿ ನಿಂತ ಹುಡುಗಿಯರ ತುಟಿ ಬಿಗಿಯಾಗುತ್ತಿತ್ತು. ಒಂದಿಬ್ಬರು ವೇಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಅವರ ಹಲ್ಲುಗಳ ಮೇಲೆ ಕಂದು ಬಣ್ಣದ ಅಡ್ಡಗೆರೆಗಳಿದ್ದವು. ನನ್ನ ಸೇವೆಯ ಅಷ್ಟೂ ವರ್ಷಗಳ ಫೋಟೊಗಳು ಮನೆಯ ಟ್ರಂಕಿನಲ್ಲಿವೆ. ಹಲ್ಲು ಕಾಣುವ ಹಾಗೆ ನಕ್ಕ ಮುಖಗಳನ್ನು ಅವುಗಳಲ್ಲಿ ಹುಡುಕಬೇಕು.

ಆ ಗೆರೆ ಎಲ್ಲಿಂದ ಬಂತು ಎಂಬುದನ್ನು ಜಗತ್ತಿಗೆ ತಿಳಿಸಿದ್ದು ಬೆಳಕು. 1931ರಲ್ಲಿ ಅಮೆರಿಕದ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಎಚ್‌.ವಿ. ಚರ್ಚಿಲ್, ಅರ್ಕಾನ್ಸಾಸ್‌ನ ಬಾಕ್ಸೈಟ್ ಎಂಬ ಊರಿನ ಬಾವಿ ನೀರನ್ನು ರೋಹಿತ ದರ್ಶಕದಲ್ಲಿಟ್ಟು ನೋಡಿದರು. ಆ ಊರಿನ ಮಕ್ಕಳ ಹಲ್ಲುಗಳೂ ಹೀಗೇ ಕಲೆಗಟ್ಟಿದ್ದವು. ಯಾರೂ ಊಹಿಸದಿದ್ದ ಫ್ಲೋರೈಡ್ ಆ ನೀರಿನಲ್ಲಿ ಕಂಡಿತು. ಆರು ವರ್ಷಗಳ ಬಳಿಕ, 1937ರಲ್ಲಿ, ಶಾರ್ಟ್ ಎಂಬ ವೈದ್ಯ ವಿಜ್ಞಾನಿ ಮತ್ತು ಅವರ ಜೊತೆಗಾರರು ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಇಂಥದೇ ನೀರು ಎಲುಬನ್ನೂ ಹಿಡಿಯುತ್ತದೆ ಎಂದು ಬರೆದರು. ಬೆನ್ನು ಮರದ ಹಲಗೆಯಂತೆ ಸೆಟೆದು ನಿಂತವರನ್ನು ಅವರು ಅಲ್ಲಿ ಕಂಡಿದ್ದರು. ನೆಲ್ಲೂರು ನಮ್ಮಿಂದ ಬಹಳ ದೂರವೇನಿಲ್ಲ. ಆ ವರದಿ ಬಂದು ಎಂಬತ್ತೈದು ವರ್ಷಗಳ ಮೇಲಾಯಿತು.

ಕುಷ್ಟಗಿ, ಯಲಬುರ್ಗಾ ಕಡೆಯ ನೆಲ ಕಲ್ಲಿನದು. ಇಳಕಲ್ಲಿನ ಹೆಸರಿನಲ್ಲಿ ದೇಶವಿದೇಶಕ್ಕೆ ಹೋಗುವ ಕೆಂಪು ಗ್ರಾನೈಟಿನ ಬಳಗದ ಬಂಡೆಗಳೇ ನಮ್ಮ ಹೊಲಗಳ ಕೆಳಗೂ ಇವೆ. ಆ ಕಲ್ಲಿನೊಳಗಿನ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ಕರಗಿ ನೀರಿಗೆ ಇಳಿಯುತ್ತದೆ. ನೀರು ಕಲ್ಲಿನ ಸಂದಿಯಲ್ಲಿ ಎಷ್ಟು ಹೆಚ್ಚು ಕಾಲ ನಿಂತಿರುತ್ತದೋ ಅಷ್ಟು ಹೆಚ್ಚು ಕರಗಿಸಿಕೊಳ್ಳುತ್ತದೆ. ಮಳೆ ಕೈಕೊಟ್ಟ ವರ್ಷ ಬೋರನ್ನು ಇನ್ನೂ ಆಳಕ್ಕೆ ಇಳಿಸುತ್ತೇವೆ, ಇನ್ನೂ ಹಳೆಯ ನೀರನ್ನು ಮೇಲಕ್ಕೆ ಎತ್ತುತ್ತೇವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಹೊಲದಲ್ಲಿ, ಕಲ್ಲು ಕ್ವಾರಿಯಲ್ಲಿ ದುಡಿಯುವ ಆಳು ಎಷ್ಟು ತಂಬಿಗೆ ನೀರು ಕುಡಿಯುತ್ತಾನೆ ಎಂಬ ಲೆಕ್ಕ ಆ ಒಂದೂವರೆಯಲ್ಲಿ ಇಲ್ಲ. ಹೆಚ್ಚು ದುಡಿದವನ ಮೈಗೆ ಹೆಚ್ಚು ವಿಷ ಸೇರುತ್ತದೆ. ನಮ್ಮ ಓಣಿಯ ಹಿರಿಯರೊಬ್ಬರು ‘ಮಾಸ್ತರ, ಆಕಾಶ ನೋಡದಾ ಹತ್ತು ವರ್ಷ ಆತ್ರೀ’ ಎಂದದ್ದು ಮಾತಿನ ಅಲಂಕಾರವಾಗಿರಲಿಲ್ಲ. ಅವರ ಕುತ್ತಿಗೆ ಮೇಲಕ್ಕೆ ತಿರುಗುತ್ತಿರಲಿಲ್ಲ.

ಈ ಪತ್ರವನ್ನು ನಿಮಗೇ ಯಾಕೆ ಬರೆಯುತ್ತಿದ್ದೇನೆ ಎಂದು ಕೇಳಬಹುದು. ಪೇಟೆಂಟ್ ಎಂಬ ಮಾತಿನ ಮೂಲ ಅರ್ಥವೇ ತೆರೆದ ಪತ್ರ. ಹಿಂದೆ ಯುರೋಪಿನ ಅರಸರು ಕೊಡುತ್ತಿದ್ದ ಕೆಲವು ಸನ್ನದುಗಳಿಗೆ ಲ್ಯಾಟಿನ್ನಿನಲ್ಲಿ ಲಿಟೆರೆ ಪಾಟೆಂಟೆಸ್ ಎನ್ನುತ್ತಿದ್ದರು. ಅರಗಿನ ಮುದ್ರೆಯನ್ನು ಹಾಳೆ ಮಡಿಸಿ ಒತ್ತುತ್ತಿರಲಿಲ್ಲ, ಕೆಳಗೆ ಜೋತುಬಿಡುತ್ತಿದ್ದರು. ಮುದ್ರೆ ಒಡೆಯದೆಯೇ ಯಾರು ಬೇಕಾದರೂ ಓದಬಹುದಿತ್ತು. ನೀವು ನಿಮ್ಮ ಸಂಶೋಧನೆಯ ಗುಟ್ಟನ್ನು ಎಲ್ಲರೂ ಓದುವ ಹಾಗೆ ಬರೆದಿಡಬೇಕು, ಅದಕ್ಕೆ ಪ್ರತಿಯಾಗಿ ಸರ್ಕಾರ 20 ವರ್ಷಗಳ ಹಕ್ಕು ಕೊಡುತ್ತದೆ. ಇಂದಿನ ಪೇಟೆಂಟಿನ ಒಪ್ಪಂದವೂ ಇಷ್ಟೇ. ಹಾಗೆ ನೋಡಿದರೆ ನೀವು ಈಗಾಗಲೇ ನಮಗೆಲ್ಲ ಒಂದು ಬಹಿರಂಗ ಪತ್ರ ಬರೆದಿದ್ದೀರಿ. ಇದು ಅದಕ್ಕೆ ಉತ್ತರ.

ತೆರೆದ ಪತ್ರಗಳ ವಿಷಯದಲ್ಲಿ ಕೊಪ್ಪಳದವರು ಅನನುಭವಿಗಳಲ್ಲ. ಗವಿಮಠದ ಬೆಟ್ಟದ ಮೇಲೂ ಅದರ ಹತ್ತಿರದ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತದಲ್ಲಿ ಕೊರೆದ ಅಕ್ಷರಗಳು. ಶ್ರದ್ಧೆಯಿಂದ ದುಡಿದರೆ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಫಲ ಸಿಗುತ್ತದೆ ಎಂಬುದು ಆ ಶಾಸನದ ಸಾರ. ಗಡಿಯಾಚೆಯವರಿಗೂ ಇದು ತಿಳಿಯಲಿ ಎಂಬ ಆಸೆಯೂ ಅದರಲ್ಲಿದೆ. ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ದಾಗಲೆಲ್ಲ ಒಂದು ಪ್ರಶ್ನೆ ಬರುತ್ತಿತ್ತು: ‘ಸರ, ಆಗಿನ ಮಂದಿಗೆ ಇದನ್ನ ಓದಾಕ ಬರ್ತಿತ್ತೇನ್ರೀ?’ ಬರುತ್ತಿರಲಿಲ್ಲ. ಅಧಿಕಾರಿಗಳು ಓದಿ ಹೇಳುತ್ತಿದ್ದರು. ನಿಮ್ಮ ಪೇಟೆಂಟನ್ನು ನಮ್ಮೂರಿನಲ್ಲಿ ಓದಿ ಹೇಳುವವರು ಯಾರು?

ಒಂದು ಪೇಟೆಂಟ್ ಮಾತ್ರ ನಮ್ಮ ಊರಿಗೆ ಬಂದಿದೆ. ಅದರ ಕಥೆಯನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅದು ಪೇಟೆಂಟ್ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಕೊಪ್ಪಳ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಬಸ್ ನಿಲ್ದಾಣದ ಹತ್ತಿರವೋ ಪಂಚಾಯ್ತಿ ಕಟ್ಟೆಯ ಮಗ್ಗುಲಲ್ಲೋ ಶುದ್ಧ ಕುಡಿಯುವ ನೀರಿನ ಘಟಕ ಎಂಬ ಸಣ್ಣ ಕೋಣೆ ಇರುತ್ತದೆ. ಕಾಯಿನ್ ಹಾಕಿದರೆ ಕ್ಯಾನು ತುಂಬುತ್ತದೆ. ಸೈಕಲ್ಲಿಗೆ, ಬೈಕಿಗೆ ಕ್ಯಾನು ಕಟ್ಟಿಕೊಂಡು ಮಂದಿ ಒಯ್ಯುತ್ತಾರೆ. ಒಳಗಿರುವ ಯಂತ್ರಕ್ಕೆ ಆರ್‌ಒ ಅನ್ನುತ್ತಾರೆ. ಉಪ್ಪು ಹಚ್ಚಿದ ಮಾವಿನಕಾಯಿ ಹೋಳು ನೀರು ಬಿಡುತ್ತದಲ್ಲ, ಅಲ್ಲಿ ನೀರು ಪೊರೆಯೊಂದನ್ನು ದಾಟಿ ಉಪ್ಪಿನ ಕಡೆಗೆ ಹರಿಯುತ್ತದೆ. ಈ ಯಂತ್ರ ಅದನ್ನು ತಿರುವುಮುರುವು ಮಾಡುತ್ತದೆ. ಪಂಪಿನ ಒತ್ತಡದಿಂದ ನೀರನ್ನು ಪೊರೆಯ ಮೂಲಕ ದಬ್ಬಿ, ಉಪ್ಪನ್ನೂ ಫ್ಲೋರೈಡನ್ನೂ ಈಚೆಗೇ ತಡೆಯುತ್ತದೆ.

ಆ ಪೊರೆಯ ಮೂಲ ಮಾದರಿ ಹುಟ್ಟಿದ್ದು ಒಂದು ವಿಶ್ವವಿದ್ಯಾಲಯದಲ್ಲಿ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಿಂದ ಹೋಗಿದ್ದ ಶ್ರೀನಿವಾಸ ಸೌರಿರಾಜನ್ 1950ರ ದಶಕದ ಕೊನೆಯಲ್ಲಿ ಸೆಲ್ಯುಲೋಸ್ ಅಸಿಟೇಟ್ ಎಂಬ ವಸ್ತುವಿನಿಂದ ಅದನ್ನು ಮಾಡಿದರು. ಅದಕ್ಕೂ ಮೊದಲಿದ್ದ ಪೊರೆಗಳು ಉಪ್ಪನ್ನು ತಡೆಯುತ್ತಿದ್ದವು, ಆದರೆ ನೀರು ತೊಟ್ಟಿಕ್ಕುತ್ತಿತ್ತಷ್ಟೇ. ಇವರಿಬ್ಬರ ಪೊರೆಯಲ್ಲಿ ಮೇಲಿನ ತೆಳು ಚರ್ಮ ಉಪ್ಪನ್ನು ತಡೆಯುತ್ತದೆ, ಅದರ ಕೆಳಗಿನ ಸ್ಪಂಜಿನಂಥ ದಪ್ಪ ಭಾಗ ನೀರನ್ನು ಸರಾಗವಾಗಿ ಬಿಡುತ್ತದೆ. 1960ರಲ್ಲಿ ಅರ್ಜಿ ಹಾಕಿದರು, 1964ರ ಮೇ ತಿಂಗಳಲ್ಲಿ ಪೇಟೆಂಟ್ ಸಿಕ್ಕಿತು. ಮರುವರ್ಷವೇ ಅದು ಪ್ರಯೋಗಾಲಯ ದಾಟಿ ಕೋಲಿಂಗಾ ಎಂಬ ಸಣ್ಣ ಊರಿಗೆ ಹೋಯಿತು. ಕೋಲಿಂಗಾದ ಬಾವಿಗಳ ನೀರು ಉಪ್ಪು. ಒಂದು ಕಾಲದಲ್ಲಿ ಆ ಊರಿನವರು ಕುಡಿಯುವ ನೀರನ್ನು ರೈಲಿನ ಟ್ಯಾಂಕರುಗಳಲ್ಲಿ ತರಿಸಿಕೊಳ್ಳುತ್ತಿದ್ದರು. ಊರಿಗೆ ನೀರು ಕೊಡುವ ಜಗತ್ತಿನ ಮೊದಲ ಆರ್‌ಒ ಘಟಕ ಅಲ್ಲಿ ನಿಂತಿತು. ಲೋಬ್ ಆ ಪೊರೆಯನ್ನು ಹಿಡಿದುಕೊಂಡು, ಅದರ ಅಗತ್ಯ ಯಾರಿಗೆ ಹೆಚ್ಚಾಗಿತ್ತೋ ಅವರ ಬಾವಿಯ ಹತ್ತಿರಕ್ಕೆ ಹೋದರು. ನಾನು ಈ ಕಥೆಯನ್ನು ತರಗತಿಯಲ್ಲಿ ಹೇಳುವಾಗ ಪೊರೆಯ ರಚನೆಗಿಂತ ಹೆಚ್ಚು ಹೊತ್ತು ಕೋಲಿಂಗಾದ ಬಗ್ಗೆಯೇ ಮಾತಾಡುತ್ತಿದ್ದೆ.

ಆ ಪೇಟೆಂಟ್ ಬಂದದ್ದು 1964ರಲ್ಲಿ. ಆಗಿನ ಅಮೆರಿಕದ ಕಾನೂನಿನಂತೆ ಹದಿನೇಳು ವರ್ಷಕ್ಕೆ ಅದರ ಅವಧಿ ಮುಗಿಯಿತು. ನಮ್ಮ ಹಳ್ಳಿಗೆ ಆ ಯಂತ್ರ ಬಂದಾಗ ಪೇಟೆಂಟ್ ಸತ್ತು ಮೂವತ್ತು ವರ್ಷಗಳಾಗಿದ್ದವು. ಬಂದ ಮೇಲೂ ಅದು ನಮ್ಮೂರಿನ ಯಂತ್ರ ಆಗಲಿಲ್ಲ. ನಮ್ಮ ಊರಿನ ಘಟಕ ಒಂದು ಬೇಸಿಗೆಯಲ್ಲಿ ಕೆಟ್ಟು ನಾಲ್ಕು ತಿಂಗಳು ಬೀಗ ಹಾಕಿಕೊಂಡಿತ್ತು. ಪೊರೆ ಕಟ್ಟಿಕೊಂಡಿದೆ, ಬದಲಿಸಬೇಕು ಎಂದರು. ನಿರ್ವಹಣೆ ಮಾಡಬೇಕಾದವರು ಫೋನ್ ಎತ್ತಲಿಲ್ಲ. ಮಂದಿ ಮತ್ತೆ ಕೈಪಂಪಿಗೆ ಹೋದರು. ಘಟಕ ನಡೆಯುವಾಗಲೂ ಒಂದು ತೊಂದರೆ ಇದೆ. ತಡೆದ ಫ್ಲೋರೈಡೆಲ್ಲ ಸೇರಿದ ಗಟ್ಟಿ ನೀರು ಹಿಂದಿನ ಗಟಾರಿಗೆ ಹರಿಯುತ್ತದೆ, ಅಲ್ಲಿ ಎಮ್ಮೆಗಳು ಬಾಯಿ ಹಾಕುತ್ತವೆ. ಇವು ಲೋಬ್ ಮತ್ತು ಸೌರಿರಾಜನ್ ಉತ್ತರಿಸಬೇಕಾದ ಪ್ರಶ್ನೆಗಳಲ್ಲ, ನಮ್ಮ ನಾಡಿನ ವಿಶ್ವವಿದ್ಯಾಲಯಗಳು ಉತ್ತರಿಸಬೇಕಾದವು. ಇಲ್ಲಿಯ ಕಲ್ಲು, ಇಲ್ಲಿಯ ಕರೆಂಟು, ಇಲ್ಲಿಯ ಗಟಾರು ಆ ಇಬ್ಬರಿಗೆ ಹೇಗೆ ಗೊತ್ತಿರಬೇಕು?

ಅಂಥ ಉತ್ತರ ಹುಡುಕಿದವರು ನಮ್ಮಲ್ಲಿ ಇದ್ದಾರೆ, ಇಲ್ಲವೆಂದರೆ ಅನ್ಯಾಯವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿವಿಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಸುಧಾಕರ ರಾವ್ ಮತ್ತು ಅವರ ಜೊತೆಗಾರರು ಮೆಗ್ನೀಶಿಯಂ ಆಕ್ಸೈಡ್ ಬಳಸಿ ಮನೆಯಲ್ಲೇ ಫ್ಲೋರೈಡ್ ತೆಗೆಯುವ ವಿಧಾನವನ್ನು ರೂಪಿಸಿದರು. ನಾಗಪುರದ ನೀರಿ ಸಂಸ್ಥೆ ಸ್ಫಟಿಕ, ಸುಣ್ಣ ಹಾಕಿ ಕಲಕುವ ನಲ್ಗೊಂಡ ವಿಧಾನವನ್ನು 1970ರ ದಶಕದಲ್ಲೇ ಕೊಟ್ಟಿತ್ತು. ಇವೆರಡಕ್ಕೂ ಪೊರೆ ಬೇಡ, ಕಾಯಿನ್ ಪೆಟ್ಟಿಗೆ ಬೇಡ. ಇಂಥವುಗಳನ್ನು ಹಳ್ಳಿಗೆ ತಂದು, ಮನೆಯ ಹೆಣ್ಣುಮಕ್ಕಳಿಗೆ ಕಲಿಸಿ, ಮರುವರ್ಷ ಬಂದು ಇನ್ನೂ ಮಾಡುತ್ತಿದ್ದಾರೋ ಇಲ್ಲವೋ ಎಂದು ನೋಡುವ ಕೆಲಸ ಯಾರ ಪಾಲಿಗೂ ಬರಲಿಲ್ಲ.

ಈಗ ಅಳತೆಯ ವಿಷಯ. ಜಲ ಜೀವನ್ ಮಿಷನ್ ಬಂದ ಮೇಲೆ ಪ್ರತಿ ಹಳ್ಳಿಯಲ್ಲಿ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷಿಸುವ ಕಿಟ್ಟಿನ ತರಬೇತಿ ಕೊಡಬೇಕೆಂಬ ನಿಯಮವಾಯಿತು. ಅದು ನನಗೆ ಬಹಳ ಇಷ್ಟವಾದ ನಿಯಮ. ಅಂಥ ಕಿಟ್ಟೊಂದನ್ನು ಶಾಲೆಗೆ ತರಿಸಿಕೊಂಡು ಒಮ್ಮೆ ಮಕ್ಕಳ ಕೈಯಿಂದಲೇ ಪರೀಕ್ಷೆ ಮಾಡಿಸಿದೆ. ಕೆಂಪು ಬಣ್ಣದ ದ್ರಾವಣಕ್ಕೆ ನೀರು ಸೇರಿಸಬೇಕು. ಆ ಬಣ್ಣಕ್ಕೆ ಅಂಟಿಕೊಂಡ ಜಿರ್ಕೋನಿಯಂ ಅನ್ನು ಫ್ಲೋರೈಡ್ ಕಿತ್ತುಕೊಳ್ಳುತ್ತದೆ, ಬಣ್ಣ ಮಾಸುತ್ತದೆ. ಎಷ್ಟು ಮಾಸಿತೋ ಅಷ್ಟು ಫ್ಲೋರೈಡ್. ಅದನ್ನು ಪಟ್ಟಿಯ ಬಣ್ಣಗಳೊಂದಿಗೆ ಹೋಲಿಸಿ ಹೇಳಬೇಕು. ಒಂದೇ ನಳಿಕೆಯನ್ನು ನೋಡಿ ಒಬ್ಬಳು 1 ಎಂದಳು, ಇನ್ನೊಬ್ಬ 2 ಎಂದ, ಕಿಟಕಿಯ ಹತ್ತಿರ ಕೂತಿದ್ದವನು 3 ಎಂದ. ಮೂವರೂ ಜಾಣ ಮಕ್ಕಳು. ಬೆಳಕು ಬೇರೆ ಬೇರೆಯಾಗಿತ್ತು, ಅಷ್ಟೇ. ಆದರೆ 1 ಮತ್ತು 3ರ ನಡುವೆ ಕುಡಿಯಬಹುದಾದ ನೀರಿನ ಗಡಿ ಇದೆ, ಒಂದು ಮಗುವಿನ ಹಲ್ಲು ಇದೆ.

ನಿಮ್ಮ ಪ್ರಯೋಗಾಲಯದಲ್ಲಿ ಇದೇ ಬಣ್ಣವನ್ನು 570 ನ್ಯಾನೊಮೀಟರ್ ಬೆಳಕಿನಲ್ಲಿ ಸ್ಪೆಕ್ಟ್ರೊಫೋಟೊಮೀಟರ್ ಅಳೆಯುತ್ತದೆ. ಅದಕ್ಕೆ ಕಣ್ಣಿನ ಅನುಮಾನಗಳಿಲ್ಲ. ಒಂದು ಎಲ್‌ಇಡಿ, ಒಂದು ಫೋಟೊಡಯೋಡ್, ಒಂದು ಬ್ಯಾಟರಿ ಇಟ್ಟು ಅದನ್ನು ಅಂಗೈಯಗಲ ಮಾಡುವುದು ನಿಮಗೆ ಹೊಸ ವಿದ್ಯೆಯಲ್ಲ. ಕಷ್ಟ ಇರುವುದು ಬೇರೆ ಕಡೆ. ಈ ಬಣ್ಣಕ್ಕೆ ಬಿಸಿಲು ಆಗಿಬರುವುದಿಲ್ಲ. ಮಾದರಿಯ ನೀರೂ ಹೋಲಿಕೆಯ ನೀರೂ ಒಂದೇ ಉಷ್ಣತೆಯಲ್ಲಿರದಿದ್ದರೆ ಲೆಕ್ಕ ತಪ್ಪುತ್ತದೆ. ಏಸಿ ಕೋಣೆಯಲ್ಲಿ ಅದು ಸುಲಭ. ಮಧ್ಯಾಹ್ನ 42 ಡಿಗ್ರಿ ಮುಟ್ಟುವ ಕುಷ್ಟಗಿಯ ಅಂಗನವಾಡಿಯಲ್ಲಿ, ಜೋಳದ ರಾಶಿಯ ದೂಳಿನಲ್ಲಿ, ಮಸೂರದ ಮೇಲೆ ಬೆರಳಚ್ಚು ಕೂತಾಗ ಅದು ಸರಿಯಾದ ಅಂಕಿ ತೋರಿಸಬೇಕು. ಹಾಗೆ ತೋರಿಸಿದರೆ ಅದು ನಿಜವಾದ ಆವಿಷ್ಕಾರ, ಅದಕ್ಕೆ ಪೇಟೆಂಟ್ ಕೊಡಬೇಕಾದ್ದೇ.

ನೀವು ಪೇಟೆಂಟ್ ಪಡೆಯುವುದಕ್ಕೆ ನನ್ನ ವಿರೋಧವಿಲ್ಲ. ನನ್ನ ತಕರಾರು ಪೇಟೆಂಟನ್ನು ನಾವು ಎಣಿಸುವ ರೀತಿಯ ಬಗ್ಗೆ. ಯುಜಿಸಿಯ 2018ರ ನಿಯಮಗಳಲ್ಲಿ ಅಧ್ಯಾಪಕರಿಗೆ ರಾಷ್ಟ್ರೀಯ ಪೇಟೆಂಟ್ ಒಂದಕ್ಕೆ 7 ಅಂಕ, ಅಂತರರಾಷ್ಟ್ರೀಯ ಪೇಟೆಂಟಿಗೆ 10. ಆ ವಸ್ತುವನ್ನು ಯಾರಾದರೂ ಬಳಸಿದರೆ ಎಷ್ಟು ಅಂಕ ಎಂಬ ಸಾಲು ಆ ಕೋಷ್ಟಕದಲ್ಲಿಲ್ಲ. 2021ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕದಲ್ಲಿ ಶೇ 80ರಷ್ಟು ರಿಯಾಯಿತಿಯೂ ಬಂತು. ಒಳ್ಳೆಯದೇ ಆಯಿತು. ಆದರೆ ಅರ್ಜಿ ಹಾಕಿದ 18 ತಿಂಗಳಿಗೆ ಅದು ತಾನಾಗಿ ಪ್ರಕಟವಾಗುತ್ತದೆ, ಪ್ರಕಟವಾಯಿತೆಂದರೆ ಪೇಟೆಂಟ್ ಸಿಕ್ಕಿತೆಂದು ಅರ್ಥವಲ್ಲ. ಪರೀಕ್ಷೆಯೇ ಆಗದ ಅರ್ಜಿಗೆ ಕಾಲೇಜಿನ ದ್ವಾರದಲ್ಲಿ ಅಭಿನಂದನೆಯ ಬ್ಯಾನರ್ ಕಟ್ಟುವುದನ್ನು ಕಂಡಾಗ ನನಗೆ ನೋವಾಗುತ್ತದೆ. ಅಂಥ ಅರ್ಜಿಗಳ ಹಿಂದೆ ನಿಜವಾಗಿ ದುಡಿದ ಹುಡುಗರೂ ಇರುತ್ತಾರೆ.

1970ರ ನಮ್ಮ ಪೇಟೆಂಟ್ ಕಾಯ್ದೆ ಎಲ್ಲರಿಗಿಂತ ನೇರವಾಗಿ ಮಾತಾಡುತ್ತದೆ. ಆವಿಷ್ಕಾರಗಳಿಗೆ ಉತ್ತೇಜನ ಸಿಗಲಿ ಎಂದು, ಅವು ಈ ದೇಶದಲ್ಲಿ ಆದಷ್ಟು ಬೇಗ ಬಳಕೆಗೆ ಬರಲಿ ಎಂದು ಪೇಟೆಂಟ್ ಕೊಡುವುದು ಎನ್ನುತ್ತದೆ ಅದರ 83ನೇ ಕಲಮು. ಬಳಕೆಯಾಯಿತೋ ಇಲ್ಲವೋ ಎಂದು ತಿಳಿಸಲು ಫಾರ್ಮ್ 27 ಎಂಬ ನಮೂನೆ ಇದೆ. ಮೊದಲು ಪ್ರತಿ ವರ್ಷ ತುಂಬಬೇಕಿತ್ತು, 2024ರಿಂದ ಮೂರು ಹಣಕಾಸು ವರ್ಷಗಳಿಗೊಮ್ಮೆ ಸಾಕು. ನಿಮ್ಮ ವಿಶ್ವವಿದ್ಯಾಲಯದ ಫಾರ್ಮ್ 27ಗಳನ್ನು ಕನ್ನಡದಲ್ಲಿ, ಯುಗಾದಿಯ ಪಂಚಾಂಗ ಶ್ರವಣದಂತೆ, ಎಲ್ಲರೆದುರು ಓದಿ ಎಂದು ಕೇಳುತ್ತಿದ್ದೇನೆ. ಬಳಕೆಯಾಗಿಲ್ಲ ಎಂದಿದ್ದರೂ ಓದಿ. ಯಾಕೆ ಆಗಲಿಲ್ಲ ಎಂದು ಹೇಳಿ: ಬಂಡವಾಳ ಸಿಗಲಿಲ್ಲವೋ, ತಯಾರಿಸುವವರು ಬರಲಿಲ್ಲವೋ, ನವೀಕರಣ ಶುಲ್ಕ ಕಟ್ಟದೆ ಹಕ್ಕೇ ಹೋಯಿತೋ. ಕೇಳಿದವರಲ್ಲಿ ಒಬ್ಬ ಗಂಗಾವತಿಯ ವೆಲ್ಡಿಂಗ್ ಅಂಗಡಿಯವನೋ ಕಿನ್ನಾಳದ ಬಡಿಗನೋ ‘ಇದನ್ನ ನಾ ಮಾಡಿಕೊಡ್ತೀನ್ರೀ’ ಅನ್ನಬಹುದು.

ಬೆಳಕಿನ ಪೇಟೆಂಟೊಂದು ದಾರಿ ತಪ್ಪಿದ ಕಥೆಯನ್ನೂ ನೀವು ನೆನಪಿಡಬೇಕು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಸ್ಟೀನ್‌ಬಾಕ್ 1920ರ ದಶಕದಲ್ಲಿ ಆಹಾರಕ್ಕೆ ನೇರಳಾತೀತ ಬೆಳಕು ಹಾಯಿಸಿದರೆ ಅದರಲ್ಲಿ ಡಿ ಜೀವಸತ್ವ ಮೂಡುತ್ತದೆ ಎಂದು ಕಂಡುಹಿಡಿದರು. ಮಕ್ಕಳ ಎಲುಬು ಸೊಟ್ಟಗಾಗುವ ರಿಕೆಟ್ಸ್ ರೋಗಕ್ಕೆ ಅದು ಮದ್ದು. ಪೇಟೆಂಟನ್ನು ತಾವಿಟ್ಟುಕೊಳ್ಳದೆ, 1925ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯದ ಸಂಶೋಧನಾ ಪ್ರತಿಷ್ಠಾನಕ್ಕೆ ಕೊಟ್ಟರು. ಬಂದ ಹಣ ಮತ್ತೆ ಸಂಶೋಧನೆಗೇ ಹೋಯಿತು. ಉದಾತ್ತವಾದ ನಡೆ. ಆದರೆ ವಿಸ್ಕಾನ್ಸಿನ್ ಹೈನುಗಾರರ ನಾಡು. ಬೆಣ್ಣೆಗೆ ಪೈಪೋಟಿ ಕೊಡುತ್ತಿದ್ದ ಅಗ್ಗದ ಮಾರ್ಗರಿನ್ ತಯಾರಿಸುವವರಿಗೆ ಆ ಪ್ರತಿಷ್ಠಾನ ಪರವಾನಗಿ ಕೊಡಲಿಲ್ಲ. ಮಾರ್ಗರಿನ್ ತಿನ್ನುತ್ತಿದ್ದವರು ಬಡವರು, ರಿಕೆಟ್ಸ್ ಹೆಚ್ಚಾಗಿದ್ದದ್ದೂ ಅವರ ಮಕ್ಕಳಲ್ಲೇ. 1940ರ ದಶಕದಲ್ಲಿ ಮೊಕದ್ದಮೆ ಮೇಲ್ಮನವಿ ನ್ಯಾಯಾಲಯಕ್ಕೆ ಬಂದಾಗ ನ್ಯಾಯಾಧೀಶರು ಇದನ್ನೇ ಎತ್ತಿ ಪ್ರಶ್ನಿಸಿದರು, ಕೊನೆಗೆ ಪೇಟೆಂಟೇ ಅಸಿಂಧು ಎಂದಾಯಿತು.

ಸರಿದಾರಿಗೆ ಬಂದವರೂ ಇದ್ದಾರೆ. ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ಅದರ ಪೇಟೆಂಟನ್ನು ತಲಾ ಒಂದು ಡಾಲರಿಗೆ ತಮ್ಮ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. 2001ರಲ್ಲಿ ಏಡ್ಸ್ ಮದ್ದೊಂದರ ಪೇಟೆಂಟ್ ಯೇಲ್ ವಿಶ್ವವಿದ್ಯಾಲಯದ ಕೈಯಲ್ಲಿತ್ತು. ದಕ್ಷಿಣ ಆಫ್ರಿಕಾದ ರೋಗಿಗಳಿಗೆ ಅದು ಎಟುಕುತ್ತಿರಲಿಲ್ಲ. ಗಡಿಯಿಲ್ಲದ ವೈದ್ಯರ ಸಂಸ್ಥೆ ಪತ್ರ ಬರೆಯಿತು, ಯೇಲ್‌ನ ವಿದ್ಯಾರ್ಥಿಗಳು ದನಿ ಎತ್ತಿದರು, ಆ ಮದ್ದಿನ ಹಿಂದಿದ್ದ ವಿಲಿಯಂ ಪ್ರುಸಾಫ್ ತಾವೂ ವಿದ್ಯಾರ್ಥಿಗಳ ಪರ ನಿಂತರು. ವಿಶ್ವವಿದ್ಯಾಲಯವೂ ಅದನ್ನು ಮಾರುತ್ತಿದ್ದ ಕಂಪನಿಯೂ ಅಲ್ಲಿ ಪೇಟೆಂಟ್ ಹಕ್ಕು ಚಲಾಯಿಸುವುದಿಲ್ಲ ಎಂದವು. ಒಂದು ಪತ್ರದಿಂದ ಇಷ್ಟಾಗಬಹುದು ಎಂಬ ನಂಬಿಕೆಯಿಂದಲೇ ನಾನೂ ಇದನ್ನು ಬರೆಯುತ್ತಿದ್ದೇನೆ. ನೀವು ಯಾವುದೇ ಕಂಪನಿಗೆ ಪರವಾನಗಿ ಕೊಡುವಾಗ ಸರ್ಕಾರಿ ಶಾಲೆ, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತಯಾರಿಕೆಯ ಬೆಲೆಗೇ ಕೊಡಬೇಕೆಂಬ ಒಂದು ಸಾಲು ಸೇರಿಸಿ. ಸಹಿ ಹಾಕುವ ಮುಂಚೆ ಆ ಸಾಲು ಬರೆಸುವ ಶಕ್ತಿ ನಿಮಗಿದೆ, ಆಮೇಲೆ ಇರುವುದಿಲ್ಲ.

ನಮ್ಮ ಜಿಲ್ಲೆಯಲ್ಲೇ ಇದಕ್ಕೊಂದು ಮಾದರಿ ಇದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ತುಂಗಭದ್ರೆಯ ನೀರುಂಡು ಸವುಳಾದ ಗದ್ದೆಗಳ ನಡುವೆಯೇ ಕೂತು ಕೆಲಸ ಮಾಡುತ್ತದೆ. ಅಲ್ಲಿಂದ ಬಂದ ಗಂಗಾವತಿ ಸೋನಾ ಭತ್ತವನ್ನು ರೈತರು ಊರಿನ ಹೆಸರಿಟ್ಟೇ ಕರೆಯುತ್ತಾರೆ. ಸಂಶೋಧಕರು ಗದ್ದೆಯ ಬದುವಿನ ಮೇಲೆ ನಿಂತಿದ್ದರಿಂದ ಆ ತಳಿ ಗದ್ದೆಗೆ ಇಳಿಯಿತು. ಬೋರಿನ ಕಟ್ಟೆಯ ಹತ್ತಿರ ನಿಂತ ವಿಶ್ವವಿದ್ಯಾಲಯವೂ ನಮಗೊಂದು ಬೇಕು. ತಳಕಲ್‌ನಲ್ಲಿ ಕೊಪ್ಪಳ ವಿಶ್ವವಿದ್ಯಾಲಯ ಶುರುವಾದಾಗ ಈ ಆಸೆ ನನ್ನಲ್ಲಿ ಚಿಗುರಿತ್ತು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಅದನ್ನೂ ಸೇರಿಸಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಲು ಶಿಫಾರಸು ಮಾಡಿದ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಹಣವಿಲ್ಲ, ಕಟ್ಟಡವಿಲ್ಲ, ಖಾಯಂ ಅಧ್ಯಾಪಕರಿಲ್ಲ ಎಂಬುದೆಲ್ಲ ನಿಜವೇ ಇರಬಹುದು. ಆದರೆ ಆ ವಿಶ್ವವಿದ್ಯಾಲಯದ ಸುತ್ತ ಬೇರೆಲ್ಲೂ ಸುಲಭಕ್ಕೆ ಸಿಗದ ಒಂದು ಪ್ರಯೋಗಾಲಯವಿದೆ: ನೂರಾರು ಕೊಳವೆಬಾವಿಗಳು, ಒಂದೊಂದರಲ್ಲಿ ಒಂದೊಂದು ಬಗೆಯ ನೀರು, ಅದನ್ನು ಕುಡಿದ ಮೂರು ತಲೆಮಾರು. ದೊಡ್ಡ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರೇ, ತಳಕಲ್‌ನ ಹುಡುಗರನ್ನು ನಿಮ್ಮ ಜೊತೆ ಸೇರಿಸಿಕೊಳ್ಳಿ. ಅವರಿಗೆ ನಿಮ್ಮ ಉಪಕರಣ ಬೇಕು, ನಿಮಗೆ ಅವರ ನೀರು ಬೇಕು.

ಇನ್ನೊಂದು ಮಾತು, ಇದು ನನ್ನಂಥ ಮಾಸ್ತರರಿಗಾಗಿ. ಪೇಟೆಂಟ್ ಪಡೆದ ವಸ್ತುವನ್ನೂ ಪ್ರಯೋಗಕ್ಕೆ, ಸಂಶೋಧನೆಗೆ, ಮಕ್ಕಳಿಗೆ ಪಾಠ ಹೇಳುವುದಕ್ಕೆ ಯಾರು ಬೇಕಾದರೂ ಮಾಡಿ ಬಳಸಬಹುದು ಎಂದು ಅದೇ ಕಾಯ್ದೆಯ 47ನೇ ಕಲಮು ಹೇಳುತ್ತದೆ. ಇದು ಗೊತ್ತಾದ ದಿನ ನಾನು ನಿವೃತ್ತನಾಗಿ ಎರಡು ವರ್ಷವಾಗಿತ್ತು. ಮೊದಲೇ ತಿಳಿದಿದ್ದರೆ ನನ್ನ ಮಕ್ಕಳು ನಿಮ್ಮ ಪೇಟೆಂಟುಗಳನ್ನು ಓದಿ, ಬಿಡಿಸಿ, ಕಟ್ಟಿ, ಎಲ್ಲಿ ಕೆಡುತ್ತವೆ ಎಂದು ನಿಮಗೇ ಬರೆದು ತಿಳಿಸುತ್ತಿದ್ದರು.

2025ರಿಂದ ತಳಕಲ್ ಕಡೆಯಿಂದ ಕುಷ್ಟಗಿವರೆಗೆ ರೈಲು ಓಡುತ್ತಿದೆ. ನಿಮ್ಮ ಉಪಕರಣವನ್ನು ಚೀಲದಲ್ಲಿ ಹಾಕಿಕೊಂಡು ಬನ್ನಿ. ಮೇ ತಿಂಗಳಲ್ಲೇ ಬನ್ನಿ. ಸ್ಟೇಷನ್ನಿಗೆ ನಾನು ಬಂದಿರುತ್ತೇನೆ. ನಮ್ಮ ಶಾಲೆಯ ಹಿಂದಿನ ಕೈಪಂಪು, ಊರಮುಂದಿನ ಬೋರು, ಆರ್‌ಒ ಘಟಕದ ಗಟಾರು, ಈ ಮೂರರ ನೀರನ್ನೂ ಹಿಡಿದಿಟ್ಟಿರುತ್ತೇನೆ. ಫ್ಲೋರೈಡಿಗೆ ಗಾಜು ಆಗದೆಂದು ಗೊತ್ತಿದೆ, ಪ್ಲಾಸ್ಟಿಕ್ ಬಾಟಲಿಗಳಲ್ಲೇ ಇಟ್ಟಿರುತ್ತೇನೆ. ಅಳೆಯುವುದನ್ನು ಮಾತ್ರ ನಮ್ಮ ಹುಡುಗಿಯರೇ ಮಾಡುತ್ತಾರೆ, ನೀವು ಪಕ್ಕದಲ್ಲಿ ನಿಂತು ಕಲಿಸಿ.

ಇಂತಿ ನಿಮ್ಮ,
ಯಲಬುರ್ಗಾ ತಾಲೂಕಿನ ನಿವೃತ್ತ ವಿಜ್ಞಾನ ಮಾಸ್ತರ